ಅಡುಗೆಯವನ ಹಗ್ಗ

ನನ್ನ ಗಂಡನಿಗೆ ಈಗ ಬಲಗಣ್ಣಿನಲ್ಲಿ ಬೆಳಕು, ಕತ್ತಲೆ ಬಿಟ್ಟರೆ ಬೇರೇನೂ ತಿಳಿಯುವುದಿಲ್ಲ. ಎಡಗಣ್ಣಿನಲ್ಲಿ ಅಂಚು ಮಾತ್ರ ಉಳಿದಿದೆ. ಆ ಅಂಚನ್ನಾದರೂ ಉಳಿಸಿಕೊಳ್ಳೋಣ ಅಂತ ನಾವು ಹೊಸಪೇಟೆಯಿಂದ ಬಳ್ಳಾರಿಗೆ ಹೋಗಿ ಕಣ್ಣಿಗೆ ಸೂಜಿ ಹಾಕಿಸಿಕೊಂಡು ಬರುತ್ತೇವೆ. ಉಳಿಯುತ್ತದೋ ಇಲ್ಲವೋ ಡಾಕ್ಟರೂ ಬಾಯಿಬಿಟ್ಟು ಹೇಳುವುದಿಲ್ಲ. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಮುಂದಿನದನ್ನು ಮುಚ್ಚಿಟ್ಟು ಆಟ ಆಡಿಸುವ ಚಟದಿಂದಲೇ ನಮ್ಮ ಮನೆ ಹಾಳಾಗಿದ್ದು.

ನಾವಿಬ್ಬರೂ ಆಕಾಶದ ಧಾರಾವಾಹಿಗಳ ಹುಚ್ಚರು. ಬೇರೆ ಗ್ರಹ, ಹಡಗು, ಮಾತಾಡುವ ಯಂತ್ರ, ಇಂಥವು. ಸೊಸೆಗೆ ವಿಷ ಹಾಕುವ ಅತ್ತೆ, ಸತ್ತು ಮತ್ತೆ ಎದ್ದು ಬರುವ ಅವಳಿ ತಂಗಿ, ಇದನ್ನೆಲ್ಲ ಕಣ್ಣು ಮಿಟುಕಿಸದೆ ನಂಬುವ ನಮ್ಮ ಓಣಿಯ ಹೆಂಗಸರಿಗೆ ಆಕಾಶದಲ್ಲಿ ಹಡಗು ಹೋಗುತ್ತದೆ ಅಂದರೆ ಮಾತ್ರ ನಗು ತಡೆಯುತ್ತಿರಲಿಲ್ಲ. ಮಗ್ಗುಲ ಮನೆಯಾಕೆ ಒಮ್ಮೆ ಬಂದು ಐದು ನಿಮಿಷ ಕೂತು ನೋಡಿದಳು. "ಇವ್ರು ಯಾರೂ ಮೈ ತೊಳ್ಕಳಂಗಿಲ್ಲೇನ್ರಿ?" ಎಂದು ಕೇಳಿ ಎದ್ದು ಹೋದಳು. ಅವತ್ತಿಡೀ ನಾವಿಬ್ಬರೂ ಆ ಪ್ರಶ್ನೆಯನ್ನು ಗಂಭೀರವಾಗಿ ಚರ್ಚೆ ಮಾಡಿದೆವು. ಹಡಗಿನಲ್ಲಿ ನೀರು ಕಮ್ಮಿ, ಹಾಗಾದರೆ ಹೇಗೆ ತೊಳೆಯುತ್ತಾರೆ ಅಂತ. ಊಟ ಆರಿತು, ಚರ್ಚೆ ಮುಗಿಯಲಿಲ್ಲ.

ನಾನು ಸಂಡೂರಿನ ಒಂದು ಗಣಿಯ ತೂಕದ ಕಟ್ಟೆಯಲ್ಲಿ ಕೂರುವವಳು. ಅದಿರಿನ ಲಾರಿ ಬಂದು ಕಟ್ಟೆಯ ಮೇಲೆ ನಿಲ್ಲುತ್ತದೆ, ನಾನು ಕಂಪ್ಯೂಟರಿನಲ್ಲಿ ತೂಕ ಒತ್ತಿ ಚೀಟಿ ಹರಿದು ಕೊಡುತ್ತೇನೆ. ಸಂಜೆ ಮನೆ ಮುಟ್ಟುವಷ್ಟರಲ್ಲಿ ಸೀರೆಯ ಅಂಚು, ಕಿವಿಯ ಹಿಂಭಾಗ, ಟಿಫಿನ್ ಡಬ್ಬಿಯ ಮುಚ್ಚಳ ಎಲ್ಲ ಕೆಂಪು. ಅವರು ಬಾಗಿಲಲ್ಲೇ ತಡೆದು, "ಮಂಗಳ ಗ್ರಹದಿಂದ ಬಂದ್ರೇನು ಮೇಡಮ್ಮು? ನೀರು ಸಿಕ್ತಾ?" ಎನ್ನುತ್ತಿದ್ದರು. "ಸಿಕ್ಕಿಲ್ಲ, ಬಚ್ಚಲಕ್ಕ ದಾರಿ ಬಿಡ್ರಿ" ಎನ್ನುತ್ತಿದ್ದೆ. ದಿನಾ ಇದೇ ಮಾತು, ದಿನಾ ನಗು ಬರುತ್ತಿತ್ತು.

ಅವರು ಎಮ್ಮಿಗನೂರಿನವರು. ಕಂಪ್ಲಿಯ ಒಂದು ರೈಸ್ ಮಿಲ್ಲಿನಲ್ಲಿ ಮೆಷಿನ್ ನೋಡಿಕೊಳ್ಳುತ್ತಿದ್ದರು. ಇಬ್ಬರಿಗೂ ನಡುವೆ ಬೀಳಲಿ ಅಂತ ಹೊಸಪೇಟೆಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನಾನು ಒಂದು ಬಸ್ಸು, ಅವರು ಇನ್ನೊಂದು ಬಸ್ಸು. ಸುಗ್ಗಿಯ ಮೇಲೆ ಮಿಲ್ಲು ಹಗಲೂ ರಾತ್ರಿ ಓಡುವಾಗ ಅವರಿಗೆ ರಾತ್ರಿ ಪಾಳಿ ಬೀಳುತ್ತಿತ್ತು. ಆ ತಿಂಗಳುಗಳಲ್ಲಿ ಭಾನುವಾರ ಬೆಳಿಗ್ಗೆ ಮಾತ್ರ ನಾವು ಗಂಡ ಹೆಂಡತಿ.

ಭಾನುವಾರ ಪಾಳಿ ಮುಗಿಸಿ ಬರುವಾಗ ಬಸ್ ಸ್ಟ್ಯಾಂಡಿನ ಪಕ್ಕದಿಂದ ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಬರುತ್ತಿದ್ದರು. ನಾನು ಅಷ್ಟರಲ್ಲಿ ಚಹಾ ಇಟ್ಟು, ಕಿಟಕಿಗೆ ಜಮಖಾನೆ ಇಳಿಬಿಟ್ಟು, ಬಾಗಿಲು ಹಾಕಿ ಕೋಣೆಯನ್ನು ಥಿಯೇಟರ್ ಮಾಡಿಟ್ಟಿರುತ್ತಿದ್ದೆ. ಓಣಿಯೆಲ್ಲ ಅಂಗಳಕ್ಕೆ ನೀರು ಹಾಕುವ ಹೊತ್ತಿಗೆ ನಾವು ಬಾಗಿಲು ಹಾಕಿಕೊಂಡರೆ ಜನ ಏನು ಅಂದುಕೊಳ್ಳುತ್ತಾರೆ? ಅಂದುಕೊಂಡರು. ಮಗ್ಗುಲ ಮನೆಯಾಕೆ ನಲ್ಲಿಯ ಹತ್ತಿರ ಸಿಕ್ಕಾಗ ಒಂಥರಾ ನಗುತ್ತಿದ್ದಳು. ಅಂದುಕೊಳ್ಳಲಿ ಬಿಡು, ನಿಜ ಹೇಳಿದರೆ ಇನ್ನೂ ಮಾನ ಹೋಗುತ್ತದೆ ಅಂತ ನಾನು ಸುಮ್ಮನಿದ್ದೆ.

ಕೂರುವ ಜಾಗ ಗಟ್ಟಿಯಾಗಿತ್ತು. ಟಿವಿ ಅಡುಗೆಮನೆಯ ಬಾಗಿಲಿನ ಪಕ್ಕದ ಗೋಡೆಗೆ. ಅದರ ಎದುರಿಗೆ ಮಂಚ, ಮಂಚದ ಮೇಲೆ ಅವರು. ನಾನು ಅಡುಗೆಮನೆಯ ಹೊಸ್ತಿಲ ಮೇಲೆ, ಟಿವಿಯ ಮಗ್ಗುಲಿಗೇ, ಚೌಕಟ್ಟಿಗೆ ಒರಗಿ. ಕತ್ತು ಓರೆ ಮಾಡಿ ನೋಡಬೇಕು, ಆದರೆ ಅಲ್ಲಿ ಗಾಳಿ ಬರುತ್ತದೆ, ಚಹಾ ಉಕ್ಕಿದರೆ ಗೊತ್ತಾಗುತ್ತದೆ. ರಿಮೋಟ್ ನನ್ನ ಕೈಯಲ್ಲಿ.

ಆಗ ನಾವು ನೋಡುತ್ತಿದ್ದ ಧಾರಾವಾಹಿ ನೀರು ಹುಡುಕಿಕೊಂಡು ಹೊರಟ ಒಂದು ಹಳೇ ಹಡಗಿನದು. ಇಂಗ್ಲಿಷಿನದು. ಕೇಳಿದರೆ ತಿಳಿಯದ ಇಂಗ್ಲಿಷು ನಮಗೆ ಓದಿದರೆ ತಿಳಿಯುತ್ತಿತ್ತು, ಹಾಗಾಗಿ ಕೆಳಗೆ ಬರುವ ಅಕ್ಷರದ ಸಾಲುಗಳೇ ನಮಗೆ ಗತಿ. ಆ ಹಡಗಿನ ಯಜಮಾನಿ ಒಬ್ಬಳು ಸಿಡುಕಿ. ಅಡುಗೆಯವನೊಬ್ಬ ಮುದುಕ. ನೀರಿಲ್ಲದ ಹಡಗಿನಲ್ಲಿ ತನ್ನ ಪಾಲಿನ ಕುಡಿಯುವ ನೀರಿನಲ್ಲೇ ಉಳಿಸಿ ಡಬ್ಬಿಯೊಳಗೆ ಮೆಣಸಿನಕಾಯಿ ಗಿಡ ಬೆಳೆಸುವವನು. ನಮಗೆ ಯಜಮಾನಿ, ಯುದ್ಧ, ಗ್ರಹ ಎಲ್ಲದಕ್ಕಿಂತ ಆ ಮುದುಕನೇ ಹೆಚ್ಚು. ಅವನು ಕಾಯಿ ಕಿತ್ತು ಮೂಸಿ ನೋಡಿದಾಗ ಇವರು ಮಿರ್ಚಿ ಎತ್ತಿ ಟಿವಿಗೆ ತೋರಿಸಿ ತಿನ್ನುತ್ತಿದ್ದರು.

ಇನ್ನೊಂದು ಕಾರಣಕ್ಕೂ ನಮಗೆ ಅದರ ಮೇಲೆ ಅಭಿಮಾನ. ಬೇರೆ ಧಾರಾವಾಹಿಗಳಲ್ಲಿ ಆಕಾಶದಲ್ಲಿ ಹಡಗು ಒಡೆದರೆ ಢಂ ಅಂತ ಸದ್ದು ಬರುತ್ತದೆ. ಗಾಳಿಯೇ ಇಲ್ಲದ ಕಡೆ ಸದ್ದು ಎಲ್ಲಿಂದ ಬರುತ್ತದೆ? ನಾವು ಇಬ್ಬರೂ ಸೇರಿ ಟಿವಿಗೆ ಬೈಯುತ್ತಿದ್ದೆವು. ಈ ಧಾರಾವಾಹಿಯಲ್ಲಿ ಮಾತ್ರ ಹಡಗಿನ ಹೊರಗೆ ಏನೇ ಆಗಲಿ ಸದ್ದಿಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ಅಂಥ ದೃಶ್ಯ ಬಂದಾಗ ಇವರು "ನೋಡು, ಓದಿದವರು ಮಾಡಿದ್ದು" ಎಂದು ಮಂಚದ ಮೇಲೆ ನೆಟ್ಟಗೆ ಕೂರುತ್ತಿದ್ದರು.

ರಜೆ ಸಿಕ್ಕರೆ ಹಂಪಿ. ದೇವರಿಗೆ ಕೈ ಮುಗಿಯುವುದು ಆದ ಮೇಲೆ ನಮ್ಮ ಕೆಲಸ ಬಂಡೆಗಳ ನಡುವೆ. ಯಾವ ಗ್ರಹ ಇದು ಅಂತ ಗೊತ್ತು ಮಾಡುವ ಆಟ. "ಇಲ್ಲಿ ಎರಡು ಸೂರ್ಯ, ಉಸಿರಾಡಾಕ ಬರಂಗಿಲ್ಲ, ಮುಖವಾಡ ಹಾಕ್ಕೋ" ಎನ್ನುತ್ತಿದ್ದರು. ನಾನು ಸೆರಗು ಮೂಗಿಗೆ ಹಿಡಿಯುತ್ತಿದ್ದೆ. ಪ್ರವಾಸಕ್ಕೆ ಬಂದವರು ನಾತ ಬರುತ್ತಿದೆಯೇನೋ ಅಂತ ತಾವೂ ಮೂಗು ಮುಚ್ಚಿಕೊಳ್ಳುತ್ತಿದ್ದರು. ಇಂಥದ್ದರಲ್ಲಿ ನಮ್ಮ ಆಯುಷ್ಯ ಹೋಯಿತು. ಸುಖವಾಗಿಯೇ ಹೋಯಿತು ಅಂತ ಈಗಲೂ ಹೇಳುತ್ತೇನೆ.

ಇನ್ನು ನಮ್ಮ ಮನೆಯ ಕಾನೂನು. ಕಂಪ್ಲಿಯ ಬಸ್ಸಿನಲ್ಲಿ ಅವರಿಗೆ ಸೀಟು ಸಿಗುತ್ತಿತ್ತು, ಸಂಡೂರಿನ ಬಸ್ಸಿನಲ್ಲಿ ನನಗೆ ಸಿಗುತ್ತಿರಲಿಲ್ಲ. ಅವರು ಮೊಬೈಲಿನಲ್ಲಿ ಒಂದೊಂದು ಕಂತು ಮೊದಲೇ ನೋಡಿಬಿಡುತ್ತಿದ್ದರು. ಒಮ್ಮೆ ಬಾಯಿತಪ್ಪಿ ಯಾರೋ ಸಾಯುವುದನ್ನು ಹೇಳಿದ್ದಕ್ಕೆ ನಾನು ಎರಡು ದಿನ ಮಾತು ಬಿಟ್ಟಿದ್ದೆ. ಅಲ್ಲಿಂದ ಕಾನೂನು ಆಯಿತು. ಮುಂದೆ ನೋಡಿದವರು ಬಾಯಿ ಬಿಡಬಾರದು, ನೋಡದವರು ಕೇಳಬಾರದು, ನೋಡುವಾಗ ಇದಾಯ್ತು ಅದಾಯ್ತು ಅಂತ ಚುಚ್ಚಬಾರದು. ನೋಡಿದ್ದರೂ ನನ್ನ ಜೊತೆ ಹೊಸದಾಗಿ ನೋಡುವವರ ಹಾಗೆ ಕೂರಬೇಕು. ಅವರು ಎಷ್ಟು ಚೆನ್ನಾಗಿ ಕೂರುತ್ತಿದ್ದರು ಅಂದರೆ, ನೋಡಿದ್ದಾರೋ ಇಲ್ಲವೋ ನನಗೇ ಗೊತ್ತಾಗುತ್ತಿರಲಿಲ್ಲ.

ಅದು ಯಾವಾಗ ಶುರುವಾಯಿತೋ ಹೇಳಲಾರೆ. ಒಂದು ಭಾನುವಾರ ನೋಡಿದರೆ ಅವರು ಟಿವಿ ಬಿಟ್ಟು ನನ್ನ ಮುಖ ನೋಡುತ್ತಿದ್ದಾರೆ. "ಏನ್ರಿ?" ಅಂದೆ. "ನಾ ಬಸ್ಸಿನ್ಯಾಗ ನೋಡೀನಿ. ನೀ ಹೆಂಗ ನೋಡ್ತಿ ಅಂತ ನೋಡಾಕತ್ತೀನಿ" ಅಂದರು. ಇಂಥ ಮಾತು ಕೇಳಿದರೆ ಯಾವ ಹೆಂಗಸು ಕರಗುವುದಿಲ್ಲ? ನಾನು ಕರಗಿದೆ. ಒಬ್ಬರಿಗೆ ಇಷ್ಟವಾದ ಕಥೆಯನ್ನು ಇನ್ನೊಬ್ಬರು ಮೊದಲ ಸಲ ನೋಡುವಾಗ ಅವರ ಮುಖ ನೋಡುವುದರಲ್ಲಿ ಒಂದು ಖುಷಿ ಇರುತ್ತದೆ, ಈ ಹುಚ್ಚಿರುವವರಿಗೆಲ್ಲ ಅದು ಗೊತ್ತು. ಆಮೇಲೆ ಪ್ರತಿ ಭಾನುವಾರವೂ ಹಾಗೇ. ನಾನು ಹೊಸ್ತಿಲ ಮೇಲೆ ಸ್ವಲ್ಪ ಅಲಂಕಾರ ಮಾಡಿಕೊಂಡೇ ಕೂರತೊಡಗಿದೆ. ಹೂ ಸಹಿತ ಮುಡಿದಿದ್ದೆ.

ಆಮೇಲೆ ಒಂದು ದಿನ, "ಹಿಂದಿ ಮಾತು ಹಾಕು, ಮಸ್ತ್ ಇರ್ತದ" ಅಂದರು. ನನಗೆ ತಲೆ ಕೆಟ್ಟಿತು. ಬೇರೆ ಭಾಷೆ ಅಂಟಿಸಿದ ಧಾರಾವಾಹಿ ನೋಡುವವರನ್ನು ಕಂಡರೆ ನಮಗಿಬ್ಬರಿಗೂ ಆಗುತ್ತಿರಲಿಲ್ಲ. ಆ ಸಿಡುಕಿ ಯಜಮಾನಿಗೆ ಹಿಂದಿಯಲ್ಲಿ ಗಿಣಿಯಂಥ ದನಿ ಕೊಟ್ಟಿದ್ದರು. ವಯಸ್ಸಾದ ಮೇಲೆ ನಿಮ್ಮ ರುಚಿ ಕೆಟ್ಟಿದೆ ಅಂತ ಜಗಳ ತೆಗೆದೆ. ಅವರು, "ಹಂಗಾರ ನೀನಾ ಓದಿ ಹೇಳು. ನಮ್ಮ ಮಾತಿನ್ಯಾಗ ಹೇಳು" ಅಂದರು.

ಓದಿ ಹೇಳಿದೆ. ಮೊದಲು ನಾಚಿಕೆ, ಆಮೇಲೆ ಹುರುಪು. ಯಜಮಾನಿ "ಲೇ, ಜಲ್ದಿ ಬಾಗಲಾ ಹಾಕ್ರಲೇ, ಗಾಳಿ ಹೊಂಟೈತಿ!" ಅಂತ ಕೂಗುವಳು. ಯಂತ್ರದ ಡಾಕ್ಟರು "ನಿಮ್ಗ ರಕ್ತ ಕಮ್ಮಿ ಐತ್ರಿ, ಕುಂದ್ರಿ" ಅನ್ನುವನು. ಅಡುಗೆಯವನಿಗೆ ನಾನು ನಮ್ಮ ಮಾವನ ದನಿ ಕೊಟ್ಟಿದ್ದೆ. ಇವರು ಮಂಚದ ಮೇಲೆ ಬಿದ್ದು ಬಿದ್ದು ನಗುತ್ತಿದ್ದರು. ನನ್ನ ಜೀವನದಲ್ಲಿ ಅಷ್ಟು ಖುಷಿಯ ಬೆಳಗುಗಳು ಬೇರೆ ಇಲ್ಲ. ನನ್ನೊಳಗೆ ಒಬ್ಬ ನಟಿ ಇದ್ದಾಳೆ, ಅವಳನ್ನು ಗುರುತಿಸಿದವರು ಇವರೊಬ್ಬರೇ ಅಂತ ಬೀಗಿದೆ.

ಹೀಗಿರುವಾಗ ಧಾರಾವಾಹಿಯ ಆ ವರ್ಷದ ಸರಣಿಯ ಕೊನೆಯ ಕಂತು ಬಂತು. ಹಡಗಿಗೆ ತೂತು ಬಿದ್ದು, ಉಳಿದ ನೀರು ಹೊರಗೆ ಸೋರುತ್ತಿದೆ. ಮುದುಕ ಅಡುಗೆಯವನೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೊರಗೆ ಇಳಿಯುತ್ತಾನೆ. ಬಾಗಿಲಲ್ಲಿ ಯಜಮಾನಿಗೆ, ಊಟದ ಹೊತ್ತಿಗೆ ಬರ್ತೀನಿ, ಅನ್ನ ಇಟ್ಟಿರು ಅನ್ನುತ್ತಾನೆ. ನಾನು ನಮ್ಮ ಮಾವನ ದನಿಯಲ್ಲಿ, "ಉಣ್ಣೂ ಹೊತ್ತಿಗೆ ಬರ್ತೀನವ್ವಾ" ಅಂದೆ. ಅಲ್ಲಿಂದ ಮುಂದೆ ಮಾತಿಲ್ಲ. ಸದ್ದೂ ಇಲ್ಲ. ಅವನು ತೂತು ಮುಚ್ಚುತ್ತಾನೆ. ತಗಡಿನ ಅಂಚಿಗೆ ಹಗ್ಗ ಸವೆಯುತ್ತದೆ, ಒಂದೊಂದೇ ಎಳೆ, ಹರಿಯುತ್ತದೆ. ಅವನು ದೂರ ಹೋಗುತ್ತಾ ಹೋಗುತ್ತಾ ಚುಕ್ಕಿಯಾಗುತ್ತಾನೆ. ಅಲ್ಲಿಗೆ ಕಂತು ಮುಗಿಯಿತು.

ನಾನು ಹೊಸ್ತಿಲ ಮೇಲೆ ಕೂತು ಗೊಳೋ ಅಂತ ಅತ್ತೆ. ಅವರು ಮಂಚದಿಂದ ಇಳಿದು ಬಂದು, ಭುಜ ತಡವಿ ಹಿಡಿದುಕೊಂಡು, "ಅಳಬ್ಯಾಡ, ಬರ್ತಾನ ಬಿಡು" ಅಂದರು. ಕಾನೂನು ಮುರಿದು ಮುಂದಿನ ಸರಣಿಯ ಸುದ್ದಿ ಎಲ್ಲೋ ಓದಿ ಹೇಳುತ್ತಿದ್ದಾರೆ ಅಂತ ನಾನು ಎರಡೂ ಕಿವಿ ಮುಚ್ಚಿಕೊಂಡೆ. "ಹೇಳಬ್ಯಾಡ್ರಿ, ಒಂದು ಮಾತೂ ಹೇಳಬ್ಯಾಡ್ರಿ!" ಎಂದು ಕಿರುಚಿದೆ. ಅವರು ಹೇಳಲಿಲ್ಲ. ನಾನು ಕೇಳಲಿಲ್ಲ.

ಮುಂದಿನ ಸರಣಿ ಬರಲು ವರ್ಷದ ಮೇಲಾಯಿತು. ಆ ವರ್ಷದಲ್ಲಿ ಅವರು ಮೊಬೈಲ್ ನೋಡುವುದು ಕಮ್ಮಿ ಮಾಡಿದರು. ಒಳ್ಳೆಯದೇ ಆಯಿತು ಅಂದುಕೊಂಡೆ. ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಓದದೆ ಕಂಡಕ್ಟರನ್ನು ಕೇಳುತ್ತಿದ್ದರು. ಮಾತಿನ ಚಟ ಅಂದುಕೊಂಡೆ. ಮಿಲ್ಲಿನಲ್ಲಿ ಅಕ್ಕಿಯ ಕಪ್ಪು ಕಾಳು ಆರಿಸಲು ಕ್ಯಾಮೆರಾದ ಮೆಷಿನ್ ಬಂದಿತ್ತು. ಅದನ್ನು ಅವರು ನಮ್ಮ ಧಾರಾವಾಹಿಯ ಪಾತ್ರವೊಂದನ್ನು ಹೊಗಳಿದ ಹಾಗೆ ಹೊಗಳುತ್ತಿದ್ದರು. "ಅದು ಇರೋ ತನಕ ಮಿಲ್ಲಿನ್ಯಾಗ ಮನಷ್ಯಾಗ ಕಣ್ಣು ಬ್ಯಾಡ" ಅಂದಿದ್ದರು. ಹೌದೌದು ಅಂದು ಸಾರಿಗೆ ಒಗ್ಗರಣೆ ಹಾಕಿದ್ದೆ.

ಹೊಸ ಸರಣಿ ಬರುವುದಕ್ಕೆ ಒಂದು ವಾರ ಮೊದಲು ಹಂಪಿಗೆ ಹೋದೆವು. ಅವರು ನನ್ನ ಹೆಗಲ ಮೇಲೆ ಕೈ ಇಟ್ಟೇ ಬಂಡೆ ಹತ್ತಿದರು. ಈ ವಯಸ್ಸಿನಲ್ಲಿ ಹೆಗಲ ಮೇಲೆ ಕೈ ಬೇರೆ, ಅಂತ ನನಗೆ ಒಳಗೊಳಗೇ ನಾಚಿಕೆ, ಖುಷಿ. ಮೇಲೆ ಕೂತು ನೀರು ಕುಡಿಯುವಾಗ ಹೊಸ ಸರಣಿಯಲ್ಲಿ ಏನಾಗಬಹುದು ಅಂತ ಮಾತು ಬಂತು.

"ಮೊದಲ್ನೇ ಕಂತಿನ್ಯಾಗ ಅಡಿಗಿಯವನ್ನ ಒಳಗ ಎಳ್ಕಂತಾರ ನೋಡು" ಅಂದರು.

"ಎಲ್ಲಿಂದ ಎಳ್ಕಂತಾರ?"

"ಹೊರಗಿಂದ. ಹಗ್ಗ ಕಟ್ಕಂಡೇ ಇಳಿದಾನಲ್ಲ."

ನಾನು ನಕ್ಕೆ. ಅವರು ನಗಲಿಲ್ಲ. "ಹಗ್ಗ ಹರೀತಲ್ರಿ" ಅಂದೆ.

ಅವರ ಕೈಯಲ್ಲಿದ್ದ ನೀರಿನ ಬಾಟಲಿ ಅರ್ಧಕ್ಕೆ ನಿಂತಿತು. "ಯಾವಾಗ ಹರೀತು?" ಅಂದರು.

ಆ ಮೂರು ನಿಮಿಷದ ದೃಶ್ಯ ಅವರ ಎದುರಿಗೇ ನಡೆದಿತ್ತು. ಟಿವಿ ಮಂಚದಿಂದ ಎರಡು ಮಾರೂ ಇಲ್ಲ. ನಾನು ಅತ್ತಿದ್ದೆ, ಅವರು ಸಮಾಧಾನ ಮಾಡಿದ್ದರು. ಹಾಗಾದರೆ ಇವರು ಏನು ನೋಡಿದ್ದರು? ನನ್ನ ತಲೆಯಲ್ಲಿ ಒಂದೊಂದಾಗಿ ಎಲ್ಲ ಬಂದು ಕೂತವು. ಹಿಂದಿ, ಓದಿ ಹೇಳು ಅಂದದ್ದು, ಬಸ್ಸಿನ ಬೋರ್ಡು, ಈಗ ಹೆಗಲ ಮೇಲಿದ್ದ ಕೈ.

"ನಿಮ್ಗ ಕಾಣ್ತದೇನು?" ಅಂದೆ.

"ಕಮ್ಮಿ" ಅಂದರು.

"ಎಷ್ಟು ಕಮ್ಮಿ?"

"ಭಾಳ ಕಮ್ಮಿ."

ಮದುವೆಯಾದಾಗಿನಿಂದ ನಾನು ಅವರನ್ನು ಏಕವಚನದಲ್ಲಿ ಕರೆದವಳಲ್ಲ. ಅವತ್ತು ಆ ಬಂಡೆಯ ಮೇಲೆ ನಿಂತು, "ಎಷ್ಟು ದಿನಾ ಆತು? ಯಾಕ ಹೇಳಲಿಲ್ಲ ನೀ? ನನ್ನ ಏನಂತ ತಿಳ್ಕಂಡಿ ನೀ?" ಎಂದು ಕಿರುಚಿದೆ. ಕೆಳಗಿದ್ದ ಜನ ತಲೆ ಎತ್ತಿ ನೋಡಿದರು. ಅವರು ತಪ್ಪು ಮಾಡಿದ ಹುಡುಗನ ಹಾಗೆ ಬಾಟಲಿಯ ಮುಚ್ಚಳ ತಿರುಗಿಸುತ್ತಾ, "ಮಿಲ್ಲಿನ್ಯಾಗ ಗೊತ್ತಾದ್ರ ಮನಿಗೆ ಕಳಿಸ್ತಾರ ಅಂತ ಅಂಜಿಕಿ ಇತ್ತು. ಮತ್ತ ನಮ್ಗ ಇದ್ದಿದ್ದು ಐತವಾರ ಒಂದಾ. ಅದೂ ದವಾಖಾನಿ ಆಗೋದು ಬ್ಯಾಡ ಅನ್ನಿಸ್ತು" ಅಂದರು. ಅಷ್ಟು ಹೇಳಿ, "ಖರೇನಾ ಸತ್ತನಾ ಮುದುಕಾ?" ಎಂದು ಕೇಳಿದರು. ನನಗೆ ಮೈಯೆಲ್ಲ ಉರಿಯಿತು. ಅವರ ಕೈ ಹಿಡಿದು ಬಂಡೆ ಇಳಿಸಿದೆ, ಬಸ್ಸು ಹತ್ತಿಸಿದೆ, ದಾರಿಯುದ್ದಕ್ಕೂ ಒಂದು ಮಾತು ಆಡಲಿಲ್ಲ.

ಬಳ್ಳಾರಿಯ ಡಾಕ್ಟರು ಶುಗರ್ ಅಂದರು. ಶುಗರ್ ಇರುವುದು ನಮಗೆ ಗೊತ್ತಿತ್ತು, ಗುಳಿಗೆ ನುಂಗುತ್ತಿದ್ದರು, ಮಿರ್ಚಿಯಲ್ಲೇನು ಸಕ್ಕರೆ ಇರುತ್ತದಾ ಅಂತ ತಮಾಷೆ ಮಾಡುತ್ತಿದ್ದರು. ಅದು ಕಣ್ಣಿನ ಹಿಂದಿನ ಪರದೆಯನ್ನು ತಿಂದಿತ್ತು. "ವರ್ಷದ ಹಿಂದೆ ಬಂದಿದ್ರೆ ಬಹಳಷ್ಟು ಉಳಿಸಬಹುದಿತ್ತು" ಅಂದರು ಡಾಕ್ಟರು. ವರ್ಷದ ಹಿಂದೆ ನಾನು ಕಿವಿ ಮುಚ್ಚಿಕೊಂಡು ಕೂತಿದ್ದೆ. ಅವರು ಬಾಯಿ ಮುಚ್ಚಿಕೊಂಡು ಕೂತಿದ್ದರು. ಧಾರಾವಾಹಿಯ ಹುಚ್ಚಿಲ್ಲದ ಯಾವ ಗಂಡ ಹೆಂಡತಿಗೂ ಇಂಥ ಗತಿ ಬರುವುದಿಲ್ಲ. ಸಾಮಾನ್ಯ ಜನ ಹೋದ ವಾರದ ಕಥೆಯನ್ನು ಊಟ ಮಾಡುತ್ತಾ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ನಾವೂ ಹೇಳಿಕೊಂಡಿದ್ದರೆ ಇವರು ಒಂದೇ ದಿನದಲ್ಲಿ ಸಿಕ್ಕಿಬೀಳುತ್ತಿದ್ದರು.

ಡಾಕ್ಟರು ಇನ್ನೊಂದು ಮಾತು ಹೇಳಿದರು. ಇವರಿಗೆ ನೋಟದ ನಡುಭಾಗ ಹೋಗಿದೆ, ಅಂಚಿನಿಂದ ಸ್ವಲ್ಪ ಕಾಣುತ್ತದೆ, ಅದಕ್ಕೆ ಏನನ್ನಾದರೂ ನೋಡಬೇಕು ಅಂದರೆ ಇಂಥವರು ಮುಖವನ್ನು ಅದರ ಪಕ್ಕಕ್ಕೆ ತಿರುಗಿಸುತ್ತಾರೆ, ನೀವು ಗಮನಿಸಿರಬೇಕಲ್ಲ ಅಂದರು. ನಾನು ಗಮನಿಸಿದ್ದೆ. ಹೂ ಮುಡಿದುಕೊಂಡು ಗಮನಿಸಿದ್ದೆ. ನನ್ನ ಮುಖ ನೋಡುತ್ತಾರೆ ಅಂತ ನಾನು ಹೊಸ್ತಿಲ ಮೇಲೆ ಬೀಗುತ್ತಿದ್ದಾಗ ಅವರು ಮಗ್ಗುಲಿನ ಟಿವಿಯನ್ನು ಕಣ್ಣಂಚಿನಿಂದ ಹಿಡಿಯಲು ಒದ್ದಾಡುತ್ತಿದ್ದರು. ಡಾಕ್ಟರ ಎದುರಿನ ಕುರ್ಚಿಯಲ್ಲಿ ಕೂತಿದ್ದ ನನಗೆ ಕಣ್ಣು ಹೋದದ್ದಕ್ಕಿಂತ ಆ ಕ್ಷಣಕ್ಕೆ ಇದೇ ಹೆಚ್ಚು ನೋವಾಯಿತು. ಹೇಳಲು ನಾಚಿಕೆಯಾದರೂ ಹಾಗಾಗಿದ್ದು ಹೌದು. ಆ ಬೆಳಗುಗಳಲ್ಲಿ ನನ್ನದು ಅಂತ ಏನಾದರೂ ಇತ್ತಾ? ಮುಖ ನೋಡಿದ್ದು ಟಿವಿಗಾಗಿ, ದನಿ ಕೇಳಿದ್ದು ಅಕ್ಷರಕ್ಕಾಗಿ. ನಾನು ಒಬ್ಬಳೇ ಕೂತು ಇಬ್ಬರ ಖುಷಿ ಅನುಭವಿಸಿದ್ದೆ.

ಮೊದಲ ಸೂಜಿಯ ದಿನ ಹೊರಗಿನ ಬೆಂಚಿನ ಮೇಲೆ ಅವರು ಹಸಿರು ಟೋಪಿ ಹಾಕಿಕೊಂಡು ಕೂತಿದ್ದರು. ಕಣ್ಣಿಗೆ ಹನಿ ಬಿಟ್ಟಿದ್ದರು, ಒಳಗೆ ಕರೆಯುವ ತನಕ ಮುಚ್ಚಿಕೊಂಡಿರಬೇಕು. "ಈಗಾದ್ರೂ ಹೇಳು. ಹೆಂಗ ಸತ್ತ?" ಅಂದರು.

ಹೇಳಿದೆ. ಸಿಟ್ಟಿನಲ್ಲಿ ಶುರು ಮಾಡಿದೆ, ಬರಬರುತ್ತ ಸಿಟ್ಟು ಇಳಿಯಿತು. ತಗಡಿನ ಅಂಚು, ಒಂದೊಂದೇ ಎಳೆ, ಅವನು ಕೈ ಬೀಸಿ ಒದ್ದಾಡದೆ ಸುಮ್ಮನೆ ಹಡಗನ್ನೇ ನೋಡುತ್ತಾ ಹೋದದ್ದು, ಒಳಗೆ ಯಜಮಾನಿ ಅನ್ನದ ತಟ್ಟೆ ಮುಚ್ಚಿಟ್ಟದ್ದು. ಸದ್ದಿರಲಿಲ್ಲ, ಅದಕ್ಕೆ ನಿಮಗೆ ಗೊತ್ತಾಗಲಿಲ್ಲ ಅಂದೆ. ಮುಚ್ಚಿದ ಕಣ್ಣಿನಿಂದ ನೀರು ಇಳಿದು, ಬಿಟ್ಟ ಹನಿಯೆಲ್ಲ ಗಲ್ಲಕ್ಕೆ ಹರಿಯಿತು. ನರ್ಸು ಬಂದು ಬೈದು ಮತ್ತೆ ಹನಿ ಬಿಟ್ಟಳು. ತನ್ನ ಕಣ್ಣು ಹೋಯಿತು ಅಂತ ಡಾಕ್ಟರು ಹೇಳಿದಾಗ ಈ ಮನುಷ್ಯ ಅತ್ತಿರಲಿಲ್ಲ. ಮೆಣಸಿನಕಾಯಿ ಬೆಳೆಸುವ ಮುದುಕನಿಗೆ ಅತ್ತರು. ನನಗೆ ಅವರನ್ನು ಹೊಡೆಯಬೇಕು ಅನ್ನಿಸಿತು, ಅಪ್ಪಿಕೊಳ್ಳಬೇಕು ಅಂತಲೂ ಅನ್ನಿಸಿತು. ಬೆಂಚಿನ ತುಂಬ ಜನ ಇದ್ದರು, ಎರಡೂ ಮಾಡಲಿಲ್ಲ.

ಮಿಲ್ಲಿನ ಕೆಲಸ ಹೋಯಿತು. ಅವರೇ ಹೋಗಿ ಹೇಳಿ ಬಿಟ್ಟು ಬಂದರು. ಈಗ ನಾನು ಸಂಡೂರಿಗೆ ಹೋದ ಮೇಲೆ ಮನೆಯಲ್ಲಿ ರೇಡಿಯೋ ಹಚ್ಚಿಕೊಂಡು ಒಬ್ಬರೇ ಇರುತ್ತಾರೆ. ಅನ್ನಕ್ಕೆ ಇಡುತ್ತಾರೆ, ಕೈ ಸುಟ್ಟುಕೊಳ್ಳುತ್ತಾರೆ. ಸಂಜೆ ನಾನು ಬಾಗಿಲಿಗೆ ಬಂದಾಗ ಕೆಂಪು ಧೂಳಿನ ಮಾತು ಎತ್ತುವುದಿಲ್ಲ. ನಾನೂ ನೆನಪಿಸುವುದಿಲ್ಲ.

ಹೊಸ ಸರಣಿ ಬಂದು ಹೋಗಿ ತಿಂಗಳುಗಳಾದರೂ ನಾವು ಹಚ್ಚಿರಲಿಲ್ಲ. ಕೊನೆಗೆ ಅವರೇ ಕೇಳಿದರು. ಭಾನುವಾರ ಬೆಳಿಗ್ಗೆ ಜಮಖಾನೆ ಇಳಿಬಿಟ್ಟೆ, ಹೊಸ್ತಿಲ ಮೇಲೆ ಕೂತೆ. ಈಗ ಸಾಲು ಓದುವುದಷ್ಟೇ ಅಲ್ಲ, ಎಲ್ಲವನ್ನೂ ಹೇಳಬೇಕು. ಯಾರು ಬಂದರು, ಯಾರು ಎಲ್ಲಿ ನಿಂತರು, ಯಾರ ಮುಖ ಹೇಗಾಯಿತು. ಒಂದು ಕಂತಿಗೆ ಗಂಟಲು ಕಟ್ಟುತ್ತದೆ. ಹೀಗೇ ಮೂರು ನಾಲ್ಕು ಭಾನುವಾರ ನಡೆಯಿತು.

ಆ ವಾರಗಳಲ್ಲಿ ನನಗೆ ಒಂದು ವಿಷಯ ತಡೆಯಲಾಗುತ್ತಿರಲಿಲ್ಲ. ಮೊದಲು ನನ್ನ ಕಡೆ ತಿರುಗುತ್ತಿದ್ದವರು ಈಗ ಟಿವಿಯ ಕಡೆ ನೆಟ್ಟಗೆ ಮುಖ ಮಾಡಿ ಕೂರುತ್ತಿದ್ದರು. ಕಣ್ಣು ಕಾಣುವವರು ಕೂರುವ ಹಾಗೆ. ಮಗ್ಗುಲ ಮನೆಯಾಕೆ ಮಜ್ಜಿಗೆ ಕೊಡಲು ಬಂದವಳು ನೋಡಿ, "ನಿಮ್ಮ ಯಜಮಾನ್ರಿಗೆ ಆರಾಮಾಗೇತಲ್ರಿ, ಟಿವಿ ನೋಡಾಕತ್ಯಾರ" ಅಂದಳು. ನನಗೆ ಅವಮಾನವಾಯಿತು. ಊರ ಮುಂದೆ ನಾಟಕ ಸರಿ, ನನ್ನ ಮುಂದೆ ಯಾಕೆ? ಇನ್ನೂ ಮುಚ್ಚಿಡುವುದು ಮುಗಿದಿಲ್ಲವಾ?

ಆ ಭಾನುವಾರದ ಕಂತಿನಲ್ಲಿ ಯಜಮಾನಿ ಒಬ್ಬಳೇ ಹಡಗಿನ ಹೊರಗೆ ಇಳಿದಳು. ಮತ್ತೆ ಅದೇ ಸದ್ದಿಲ್ಲದ ದೃಶ್ಯ, ಪೂರ್ತಿ ನನ್ನ ಗಂಟಲ ಮೇಲೆ. ಹೇಳಿ ಹೇಳಿ ಸಾಕಾಗಿ ತಿರುಗಿ ನೋಡಿದರೆ ಅವರು ಅಲುಗಾಡದೆ ಟಿವಿಯನ್ನೇ ದಿಟ್ಟಿಸುತ್ತಿದ್ದಾರೆ. ರಿಮೋಟ್ ಒತ್ತಿ ನಿಲ್ಲಿಸಿದೆ.

"ಯಾರಿಗೆ ತೋರ್ಸಾಕ ಈ ನಾಟಕ? ಆ ಟಿವಿ ಒಳಗ ಏನೈತಿ ನಿಮ್ಗ? ಇಲ್ಲಿ ಕುಂತು ಬಾಯಿ ಬಡ್ಕಂತಿರೋಳು ನಾನು. ಈ ಕಡಿ ತಿರುಗ್ರಿ" ಅಂದೆ.

ಅವರು ತಿರುಗಲಿಲ್ಲ.

"ಆ ಕಡಿ ತಿರುಗಿದ್ರ ನೀ ಹೋಗ್ತಿ" ಅಂದರು. "ಎದುರಿಗಿದ್ದಿದ್ದು ಹೋಗ್ತದ, ಮಗ್ಗಲದು ಉಳೀತದ. ಟಿವಿ ಕಡಿ ನೋಡಿದ್ರ ನೀ ಕಾಣ್ತಿ. ಪೂರಾ ಅಲ್ಲ. ಅರ್ಧ ಮುಖ, ಒಂದು ಕಿವಿ, ಕೈ ಆಡ್ಸೂದು."

ನಾನು ರಿಮೋಟ್ ಕೆಳಗಿಟ್ಟೆ.

"ಟಿವಿ ಹೆಂಗೂ ನೀ ಹೇಳ್ತಿ" ಅಂದರು.

ಹೋದ ಸಲ ಸೂಜಿ ಆದ ಮೇಲೆ ಡಾಕ್ಟರು ನನ್ನೊಬ್ಬಳನ್ನೇ ಕರೆದು, ಅಂಚೂ ಮಂಜಾಗುತ್ತಿದೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂದಿದ್ದರು. ಅದನ್ನು ನಾನು ಮನೆಗೆ ಬಂದ ತಕ್ಷಣ ಅವರಿಗೆ ಹೇಳಿದ್ದೆ. ಈಗ ನಮ್ಮ ಮನೆಯಲ್ಲಿ ಮುಚ್ಚಿಡುವುದಿಲ್ಲ. "ಗೊತ್ತೈತಿ" ಅಂದಿದ್ದರು, ಅಷ್ಟೇ.

ನಾನು ಎದ್ದು ಲೈಟು ಹಾಕಿದೆ. ಕಪ್ಪು ಆಕಾಶವಿದ್ದ ಟಿವಿಯ ಮೇಲೆ ಟ್ಯೂಬ್‌ಲೈಟಿನ ಪಟ್ಟೆ ಬಿದ್ದು ಯಜಮಾನಿ ಮಸುಕಾದಳು. ಹೊಸ್ತಿಲ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಬೆಳಕಿಗೆ ಸರಿದೆ.

"ಈಗ?" ಅಂದೆ.

"ಸ್ವಲ್ಪ ಮುಂದಕ ಬಾ" ಅಂದರು, ಟಿವಿಯ ಕಡೆಗೇ ಮುಖ ಮಾಡಿಕೊಂಡು.